ಕೂಗದ ಕುಕ್ಕರ್

ಸಿಯಾಟಲ್‌ನಲ್ಲಿರುವ ನನ್ನ ಅಕ್ಕನ ಮಗಳು ಒಂದು ದಿನ ಫೋನ್ ಮಾಡಿದಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಮನೆ ಸೇರುವಾಗ ಆರೂವರೆ ಆಗಿರುತ್ತದೆ, ಏಳೂವರೆಗೆಲ್ಲ ಮಗುವಿಗೆ ಊಟ ಮಾಡಿಸಬೇಕು. ಅದಕ್ಕೆಂದೇ ಕರೆಂಟಿನ ಪ್ರೆಶರ್ ಕುಕ್ಕರ್ ಕೊಂಡಿದ್ದಳು.

"ಚಿಕ್ಕಮ್ಮಾ, ನೀನು ತೊಗರಿಬೇಳೆಗೆ ನಾಲ್ಕು ಕೂಗು ಅಂತ ಹೇಳಿಕೊಟ್ಟಿದ್ದೆ. ಈ ಕುಕ್ಕರ್ ಕೂಗೋದೇ ಇಲ್ಲ. ಎಷ್ಟು ನಿಮಿಷ ಅಂತ ಕೇಳತ್ತೆ. ನಾಲ್ಕು ಕೂಗು ಅಂದ್ರೆ ಎಷ್ಟು ನಿಮಿಷ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಗಳಲ್ಲಿ ಕುಕ್ಕರಿನ ಕೂಗೇ ಅಡುಗೆಯ ಗಡಿಯಾರ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು ಎಂದು ತಾಯಿ ಮಗಳಿಗೆ ಹೇಳಿಕೊಡುತ್ತಾ ಬಂದ ಲೆಕ್ಕ. "ಇನ್ನೊಂದು ಕೂಗು ಬಂದ್ರೆ ಆಫ್ ಮಾಡು" ಎಂದು ಹೇಳಿ ಸ್ನಾನಕ್ಕೆ ಹೋಗುವ ಅಮ್ಮಂದಿರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಆದರೆ ಆ ಕೂಗು ಅಳೆಯುವುದು ಏನನ್ನು? ಹೊತ್ತನ್ನೇ, ಬಿಸಿಯನ್ನೇ, ಬೇಳೆ ಬೆಂದ ಹದವನ್ನೇ? ಕೂಗದ ಕುಕ್ಕರಿನಲ್ಲೂ ಬೇಳೆ ಬೇಯುತ್ತದೆ ಎಂದ ಮೇಲೆ ಬೇಯಿಸುವುದು ಕೂಗಲ್ಲ ಎಂದಾಯಿತು. ಮತ್ತೆ ಯಾವುದು?

ಕೋಡಿ ಬಿದ್ದ ಕೆರೆ

ಮುಚ್ಚಳವಿಲ್ಲದ ಪಾತ್ರೆಯಲ್ಲಿ ನೀರು ಕಾಯಿಸೋಣ. ಬಿಸಿ ಏರುತ್ತಾ ಹೋಗುತ್ತದೆ: 40 ಡಿಗ್ರಿ, 60, 80. ಕುದಿ ಬಂದೊಡನೆ ಏರಿಕೆ ನಿಂತುಬಿಡುತ್ತದೆ. ಉರಿ ಎಷ್ಟೇ ದೊಡ್ಡದು ಮಾಡಿದರೂ ನೀರು ಇನ್ನೊಂದು ಡಿಗ್ರಿಯೂ ಬಿಸಿಯಾಗುವುದಿಲ್ಲ. ಕೊತಕೊತ ಕುದಿಯುವುದು ಜೋರಾಗುತ್ತದೆ, ಆವಿ ಹೆಚ್ಚು ಏಳುತ್ತದೆ, ಅಷ್ಟೆ.

ಒಳ್ಳೆಯ ಮಳೆಗಾಲದ ಕೆರೆಯನ್ನು ನೆನಪಿಸಿಕೊಳ್ಳಿ. ಮಳೆ ಸುರಿದಂತೆ ನೀರು ಏರುತ್ತದೆ. ಕೋಡಿಯ ಮಟ್ಟ ಮುಟ್ಟಿದ ಮೇಲೆ ಏರುವುದಿಲ್ಲ. ಬಂದದ್ದೆಲ್ಲ ಕೋಡಿ ಹಾಯ್ದು ಹೊರಗೆ ಹರಿಯುತ್ತದೆ. ಮಳೆ ಜೋರಾದರೆ ಕೋಡಿಯ ಹರಿವು ಜೋರಾಗುತ್ತದೆಯೇ ಹೊರತು ಕೆರೆಯ ಮಟ್ಟ ಮೇಲೇರುವುದಿಲ್ಲ. ಪಾತ್ರೆಯಲ್ಲಿ ಆಗುವುದೂ ಇದೇ. ಉರಿ ಎಂದರೆ ಮಳೆ, ನೀರಿನ ಬಿಸಿ ಎಂದರೆ ಕೆರೆಯ ಮಟ್ಟ, ಆವಿ ಎಂದರೆ ಕೋಡಿ ಹರಿದು ಹೋಗುವ ನೀರು.

ಈ ಕೋಡಿ ಬಹಳ ಅಗಲವಾದದ್ದು. 1 ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ತರಲು 100 ಕ್ಯಾಲೊರಿ ಶಾಖ ಸಾಕು. ಅದೇ 1 ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 540 ಕ್ಯಾಲೊರಿ ಹೊತ್ತುಕೊಂಡು ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ದೊಡ್ಡ ಉರಿಯಿಟ್ಟು ಬೇಳೆ ಬೇಯಿಸಿದರೆ ಶಾಖದ ಬಹುಪಾಲು ಬೇಳೆಯನ್ನು ಬೇಯಿಸದೆ ಅಡುಗೆಮನೆಯ ಗೋಡೆಯನ್ನು ಬೆವರಿಸುತ್ತದೆ.

ಶಾಲೆಯ ಪುಸ್ತಕಗಳು ಈ ಕೋಡಿಯ ಎತ್ತರವನ್ನು ಕುದಿಬಿಂದು ಎನ್ನುತ್ತವೆ. ನಮ್ಮ ಕೆರೆಯ ಲೆಕ್ಕಕ್ಕೆ ಒಪ್ಪುವಂತೆ ಇಲ್ಲಿ ಅದನ್ನು ಕುದಿಮಟ್ಟ ಎಂದು ಕರೆಯೋಣ.

ಬೆಟ್ಟ ಹತ್ತಿದರೆ ಕೋಡಿ ತಗ್ಗುತ್ತದೆ

ನೀರಿನ ಕುದಿಮಟ್ಟ 100 ಡಿಗ್ರಿ ಎಂದು ಎಲ್ಲರೂ ಕಲಿತಿದ್ದೇವೆ. ಮಂಗಳೂರಿನಲ್ಲಿ ಅದು ಸರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಡಿಗ್ರಿಯ ಆಸುಪಾಸು.

ನೀರಿನೊಳಗೆ ಆವಿಯ ಗುಳ್ಳೆ ಹುಟ್ಟಿ ಹಿಗ್ಗಬೇಕಾದರೆ, ಮೇಲಿನಿಂದ ಒತ್ತುತ್ತಿರುವ ಗಾಳಿಯನ್ನು ಅದು ಎದುರಿಸಬೇಕು. ಸಮುದ್ರದಂಡೆಯಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಗಾಳಿ ಸುಮಾರು ಒಂದು ಕಿಲೋ ತೂಕದಷ್ಟು ಒತ್ತುತ್ತದೆ. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಹಾಗಾಗಿ ಗುಳ್ಳೆಗೆ ಕಡಿಮೆ ಬಿಸಿಯೇ ಸಾಕಾಗುತ್ತದೆ.

ಚಾರ್ಲ್ಸ್ ಡಾರ್ವಿನ್ 1835ರ ಮಾರ್ಚ್‌ನಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳನ್ನು ದಾಟುವಾಗ ಇದನ್ನು ಕಣ್ಣಾರೆ ಕಂಡ. ಅವನ ತಂಡದವರು ಆಲೂಗಡ್ಡೆಯನ್ನು ಗಂಟೆಗಟ್ಟಲೆ ಕುದಿಸಿದರು. ರಾತ್ರಿಯಿಡೀ ಬೆಂಕಿಯ ಮೇಲೆ ಬಿಟ್ಟು ಬೆಳಿಗ್ಗೆ ಮತ್ತೆ ಕುದಿಸಿದರೂ ಅದು ಬೇಯಲಿಲ್ಲ. ಜೊತೆಗಿದ್ದವರು ದೋಷವನ್ನು ಹೊಸ ಪಾತ್ರೆಯ ಮೇಲೆ ಹೊರಿಸಿದರು. ಪಾತ್ರೆಯಲ್ಲಿ ದೋಷವಿರಲಿಲ್ಲ. ಕೋಡಿ ತಗ್ಗಿನಲ್ಲಿತ್ತು, ಅಷ್ಟು ಬಿಸಿ ಆಲೂಗಡ್ಡೆಗೆ ಸಾಲಲಿಲ್ಲ.

ಒತ್ತಡ ಇಳಿದರೆ ಕುದಿಮಟ್ಟ ಇಳಿಯುತ್ತದೆ ಎಂದಾದರೆ, ಒತ್ತಡ ಏರಿಸಿದರೆ ಅದು ಏರಲೇಬೇಕು.

ಕೋಡಿ ಎತ್ತರಿಸಿದವನು

ಆ ಕೆಲಸ ಮಾಡಿದವನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ. ಲಂಡನ್ನಿನಲ್ಲಿ ರಾಬರ್ಟ್ ಬಾಯ್ಲ್‌ನ ಸಹಾಯಕನಾಗಿದ್ದವನು. 1679ರಲ್ಲಿ ಅವನು ಬಿಗಿಯಾದ ಮುಚ್ಚಳದ ಗಟ್ಟಿ ಪಾತ್ರೆಯೊಂದನ್ನು ಮಾಡಿ ಅಲ್ಲಿನ ರಾಯಲ್ ಸೊಸೈಟಿಯ ಮುಂದೆ ಇಟ್ಟ. ಹೊರಹೋಗಲು ದಾರಿಯಿಲ್ಲದ ಆವಿ ನೀರನ್ನೇ ಒತ್ತತೊಡಗಿತು, ಕುದಿಮಟ್ಟ ಏರಿತು, ಗಟ್ಟಿ ಮೂಳೆಯೂ ಮೆತ್ತಗಾಯಿತು. ಒತ್ತಡ ಮಿತಿ ಮೀರಿ ಪಾತ್ರೆ ಒಡೆಯದಂತೆ, ತೂಕ ಹೇರಿದ ಒಂದು ಬಿರಡೆಯನ್ನೂ ಅವನು ಅಳವಡಿಸಿದ. ಒಳಗಿನ ಒತ್ತಡ ಆ ತೂಕವನ್ನು ಎತ್ತುವಷ್ಟಾದರೆ ಹೆಚ್ಚಿನ ಆವಿ ಹೊರಗೆ ಹೋಗುತ್ತದೆ. ನಮ್ಮ ಕುಕ್ಕರಿನ ತಲೆಯ ಮೇಲೆ ಕೂರುವ ವೆಯ್ಟ್ ಆ ಬಿರಡೆಯದೇ ವಂಶ. 1682ರಲ್ಲಿ ಪಾಪಿನ್ ಈ ಪಾತ್ರೆಯಲ್ಲೇ ಮಾಂಸ, ಮೀನು ಬೇಯಿಸಿ ಸೊಸೈಟಿಯ ಸದಸ್ಯರಿಗೆ ರಾತ್ರಿಯೂಟ ಬಡಿಸಿದ.

ಭಾರತದಲ್ಲಿ ಪ್ರೆಸ್ಟೀಜ್, ಹಾಕಿನ್ಸ್ ಎರಡೂ ಕುಕ್ಕರ್ ತಯಾರಿಕೆ ಶುರುಮಾಡಿದ್ದು 1959ರಲ್ಲಿ. ನಮ್ಮ ಕುಕ್ಕರಿನ ವೆಯ್ಟ್, ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೊಂದು ಕಿಲೋ ಒತ್ತಡ ಒಳಗೆ ನಿಲ್ಲುವಂತೆ ಲೆಕ್ಕ ಹಾಕಿ ಮಾಡಿದ್ದು. ಆ ಒತ್ತಡದಲ್ಲಿ ಕುದಿಮಟ್ಟ ಮಂಗಳೂರಿನಲ್ಲಿ 120 ಡಿಗ್ರಿ, ಬೆಂಗಳೂರಿನಲ್ಲಿ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳ ರೋಗಾಣು ಕೊಲ್ಲುವ ಪೆಟ್ಟಿಗೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಬಿಸಿ ಇರುತ್ತದೆ.

ಬೇಳೆಯೊಳಗಿನ ಗಾರೆ

ಇಪ್ಪತ್ತು ಡಿಗ್ರಿಗೆ ಇಷ್ಟು ಮಾತೇಕೆ ಎನಿಸಬಹುದು. ಉತ್ತರ ಬೇಳೆಯ ಒಳಗಿದೆ.

ಬೇಳೆಯ ಒಂದು ಹೋಳು ಸಣ್ಣ ಸಣ್ಣ ಕೋಶಗಳನ್ನು ಒತ್ತೊತ್ತಾಗಿ ಜೋಡಿಸಿ ಕಟ್ಟಿದ ಗೋಡೆಯಂತೆ. ಇಟ್ಟಿಗೆಗಳ ನಡುವೆ ಗಾರೆಯಿದ್ದ ಹಾಗೆ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಬೇಯುವುದೆಂದರೆ ಮುಖ್ಯವಾಗಿ ಎರಡು ಕೆಲಸ: ಕೋಶದೊಳಗಿನ ಪಿಷ್ಟ ನೀರು ಕುಡಿದು ಉಬ್ಬುವುದು, ಕೋಶಗಳ ನಡುವಿನ ಗಾರೆ ಸಡಿಲವಾಗಿ ಕರಗುವುದು. ಬೆರಳಿನಲ್ಲಿ ಹಿಸುಕಿದಾಗ ಬೇಳೆ ಬೆಣ್ಣೆಯಂತೆ ಜಾರಿದರೆ ಗಾರೆ ಕರಗಿದೆ ಎಂದರ್ಥ.

ಇಂಥ ರಾಸಾಯನಿಕ ಕೆಲಸಗಳಿಗೆ ಒಂದು ಅಂದಾಜು ಲೆಕ್ಕವಿದೆ. ಬಿಸಿ 10 ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ, 20 ಡಿಗ್ರಿ ಏರಿದರೆ ಎರಡರ ಎರಡು, ಅಂದರೆ ನಾಲ್ಕು ಪಟ್ಟು. ಬೆಂಗಳೂರಿನ ತೆರೆದ ಪಾತ್ರೆಯಲ್ಲಿ 97 ಡಿಗ್ರಿಯಲ್ಲಿ 40 ನಿಮಿಷ ಹಿಡಿಯುವ ಬೇಳೆ, ಅದಕ್ಕಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯ ಕುಕ್ಕರಿನಲ್ಲಿ 10 ನಿಮಿಷಕ್ಕೆ ಬೇಯುವುದು ಇದರಿಂದಲೇ. ಕುಕ್ಕರಿನ ಗುಟ್ಟು ಇಷ್ಟೇ. ಮುಚ್ಚಿದ ಆವಿ ಒತ್ತಡ ಏರಿಸುತ್ತದೆ, ಒತ್ತಡ ಕುದಿಮಟ್ಟ ಏರಿಸುತ್ತದೆ, ಹೆಚ್ಚಿದ ಬಿಸಿ ಗಾರೆಯನ್ನು ಬೇಗ ಕರಗಿಸುತ್ತದೆ.

ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೇ ಹಾಕಬೇಕು ಎಂದು ಅಜ್ಜಿಯರು ಹೇಳುತ್ತಿದ್ದುದಕ್ಕೂ ಕಾರಣ ಈ ಗಾರೆಯೇ. ಹುಳಿಯಲ್ಲಿ ಪೆಕ್ಟಿನ್ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹುಳಿ, ಟೊಮೇಟೊ ಮೊದಲೇ ಸುರಿದು ಗಡಸು ನೀರು ಹಾಕಿದರೆ ಎಂಥ ಕುಕ್ಕರಿನಲ್ಲೂ ಬೇಳೆ ಕಾಳುಕಾಳಾಗಿಯೇ ಉಳಿಯಬಹುದು.

ಕೂಗು ಎಂದರೆ ಕೋಡಿ

ಈಗ ಕೂಗಿನ ಲೆಕ್ಕಕ್ಕೆ ಬರೋಣ. ವೆಯ್ಟ್ ಹಾಕಿದ ಕುಕ್ಕರ್ ಎಂದರೆ ಕೋಡಿಯ ಮೇಲೆ ಇನ್ನೊಂದಷ್ಟು ಕಟ್ಟೆ ಕಟ್ಟಿದ ಕೆರೆ. ಬಿಸಿ ಆ ಹೊಸ ಮಟ್ಟದವರೆಗೆ ಏರುತ್ತದೆ. ಅದರಾಚೆಗೆ ಬಂದ ಶಾಖ ಆವಿಯಾಗಿ ವೆಯ್ಟನ್ನು ಎತ್ತಿ ಹೊರನುಗ್ಗುತ್ತದೆ. ಅದೇ ಕೂಗು. ಹೆಚ್ಚಾದದ್ದು ಚೆಲ್ಲಿಹೋಗುವ ಸದ್ದು ಅದು.

ಮೊದಲ ಕೂಗು ನಿಜವಾದ ಸುದ್ದಿ ತರುತ್ತದೆ: ಒಳಗಿನ ಬಿಸಿ ಗುರಿ ಮುಟ್ಟಿದೆ. ಎರಡನೆಯದು, ಮೂರನೆಯದು, ನಾಲ್ಕನೆಯದು ಹೊಸದೇನನ್ನೂ ಹೇಳುವುದಿಲ್ಲ, ಒಳಗಿನ ಬಿಸಿ ಮೊದಲಿನಷ್ಟೇ ಇರುತ್ತದೆ. ಉರಿ ದೊಡ್ಡದಿದ್ದರೆ ಕೂಗು ಬೇಗ ಬೇಗ ಬರುತ್ತದೆ, ಸಣ್ಣದಿದ್ದರೆ ತಡವಾಗಿ ಬರುತ್ತದೆ. ನೀವೇ ನೋಡಬಹುದು: ಒಂದು ದಿನ ದೊಡ್ಡ ಉರಿಯಲ್ಲಿ, ಇನ್ನೊಂದು ದಿನ ಸಣ್ಣ ಉರಿಯಲ್ಲಿ ಅಷ್ಟೇ ಬೇಳೆ ಇಟ್ಟು, ಮೊದಲ ಕೂಗಿನಿಂದ ನಾಲ್ಕನೆಯದರವರೆಗಿನ ಹೊತ್ತು ಅಳೆಯಿರಿ. ಕೂಗು ನಾಲ್ಕೇ ಆದರೂ ಹೊತ್ತು ಬೇರೆ ಬೇರೆ, ಬೇಳೆಯ ಹದವೂ ಬೇರೆ. ನಮ್ಮ ತಾಯಂದಿರ ಲೆಕ್ಕ ತಪ್ಪಲಿಲ್ಲ, ಯಾಕೆಂದರೆ ಅವರು ದಿನಾ ಅದೇ ಒಲೆ, ಅದೇ ಉರಿ, ಅದೇ ಕುಕ್ಕರ್ ಬಳಸಿದರು. ಒಲೆ ಬದಲಾದರೆ ಲೆಕ್ಕ ಬದಲಾಗುತ್ತದೆ.

ಕೂಗದ ಕುಕ್ಕರಿನ ಒಳಗೆ

ಕರೆಂಟಿನ ಕುಕ್ಕರ್ ಮಾಡುವುದು ಜಾಣ ನೀರಗಂಟಿಯ ಕೆಲಸ. ಕೆರೆ ಕೋಡಿ ಬೀಳುವ ಮುನ್ನವೇ ಒಳಹರಿವಿನ ತೂಬು ಮುಚ್ಚಿಬಿಡುತ್ತದೆ.

ಒಳಪಾತ್ರೆಯ ಕೆಳಗೆ ಬಿಸಿ ಮಾಡುವ ತಟ್ಟೆಯಿದೆ. ಅದರ ನಡುವೆ ಪಾತ್ರೆಯ ತಳವನ್ನು ಮುಟ್ಟಿಕೊಂಡು ಬಿಸಿ ಅಳೆಯುವ ಒಂದು ಗುಂಡಿ. ಒಳಗೆ ಒತ್ತಡ ಏರಿದಾಗ ಪಾತ್ರೆ ಕೆಳಗಿನ ತಟ್ಟೆಯನ್ನು ಕೂದಲೆಳೆಯಷ್ಟು ಅದುಮುತ್ತದೆ. ಅನೇಕ ಮಾದರಿಗಳಲ್ಲಿ ಆ ಸಣ್ಣ ಅದುಮುವಿಕೆಯೇ ಸ್ವಿಚ್ಚನ್ನು ಆರಿಸುತ್ತದೆ. ಒತ್ತಡ ತುಸು ಇಳಿದರೆ ಸ್ವಿಚ್ಚು ಮತ್ತೆ ಹತ್ತುತ್ತದೆ. ಹೀಗೆ ಹತ್ತುತ್ತಾ ಆರುತ್ತಾ ಮಟ್ಟ ಕಾಯುತ್ತದೆ. ಚೆಲ್ಲಿಹೋಗುವ ಆವಿ ಇಲ್ಲ, ಹಾಗಾಗಿ ಕೂಗೂ ಇಲ್ಲ. ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ವಾಂಗ್ ಎಂಬ ಎಂಜಿನಿಯರ್ ಮತ್ತು ಗೆಳೆಯರು 2010ರಲ್ಲಿ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ಪಾಟ್ ಇಂಥ ಕುಕ್ಕರನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಅಲ್ಲಿನ ಕನ್ನಡಿಗರ ಅಡುಗೆಮನೆಗೂ ಬಂತು.

ಒಂದು ವ್ಯತ್ಯಾಸ ನೆನಪಿರಲಿ. ಇದು ನಿಲ್ಲಿಸುವ ಒತ್ತಡ ನಮ್ಮ ಒಲೆಯ ಕುಕ್ಕರಿಗಿಂತ ಕಡಿಮೆ, ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋ. ಬಿಸಿ 115ರಿಂದ 116 ಡಿಗ್ರಿ. ಆ ನಾಲ್ಕೈದು ಡಿಗ್ರಿಯ ಕೊರತೆಯಿಂದ ಒಲೆಯ ಕುಕ್ಕರಿನಲ್ಲಿ 6 ನಿಮಿಷ ಬೇಕಾದದ್ದಕ್ಕೆ ಇಲ್ಲಿ 8 ನಿಮಿಷ ಬೇಕು.

ಎಂಟು ನಿಮಿಷ ಅರ್ಧ ಗಂಟೆ ಆಗುವುದು

"ಎಂಟು ನಿಮಿಷ ಅಂತ ಒತ್ತಿದೆ, ಅರ್ಧ ಗಂಟೆಯಾದರೂ ಮುಚ್ಚಳ ತೆಗೆಯಲಾಗಲಿಲ್ಲ" ಎಂಬುದು ಹೊಸದಾಗಿ ಕೊಂಡವರೆಲ್ಲರ ದೂರು. ಕುಕ್ಕರ್ ಎಣಿಸುವುದು ಬಿಸಿ ಗುರಿ ಮುಟ್ಟಿದ ಮೇಲಿನ ನಿಮಿಷಗಳನ್ನು ಮಾತ್ರ. ಅದಕ್ಕೆ ಮುಂಚೆ ಕೆರೆ ತುಂಬಬೇಕು, ಆಮೇಲೆ ಇಳಿಯಬೇಕು.

ತುಂಬುವ ಹೊತ್ತನ್ನು ನಾವೇ ಲೆಕ್ಕ ಹಾಕಬಹುದು. ಇಂಥ 6 ಲೀಟರಿನ ಕುಕ್ಕರಿನ ಹೀಟರ್ ಸಾಮಾನ್ಯವಾಗಿ 1,000 ವ್ಯಾಟಿನದು. 25 ಡಿಗ್ರಿಯ ಎರಡು ಲೀಟರ್ ನೀರನ್ನು 115 ಡಿಗ್ರಿಗೆ ತರಲು ಅದಕ್ಕೆ ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕು. ಒಂದೇ ಲೀಟರ್ ಇದ್ದರೆ ಅದರ ಅರ್ಧ. ಕೆಟಲಿನಲ್ಲಿ ಕಾಯಿಸಿದ ನೀರು ಹೊಯ್ದರೆ ಇನ್ನೂ ಕಡಿಮೆ. ಸಂಜೆಯ ಅವಸರಕ್ಕೆ ಬೇಕಾದದ್ದು ಈ ತಿಳಿವಳಿಕೆ: ಬೇಯುವ ಎಂಟು ನಿಮಿಷದಲ್ಲಿ ಉಳಿಸಲು ಏನೂ ಇಲ್ಲ, ತುಂಬುವ ಹೊತ್ತಿನಲ್ಲಿ ಇದೆ.

ಅಕ್ಕನ ಮಗಳಿಗೆ ನಾನು ಹೇಳಿಕೊಟ್ಟ ಹುಳಿ–ಅನ್ನದ ಕ್ರಮ ಇದು. ಬೆಳಿಗ್ಗೆ ಮನೆ ಬಿಡುವಾಗ ಒಂದು ಲೋಟ ತೊಗರಿಬೇಳೆ ತೊಳೆದು ನೆನೆಹಾಕಿ ಫ್ರಿಜ್ಜಿನಲ್ಲಿಡುವುದು. ಸಂಜೆ ಬಂದೊಡನೆ ಕುಕ್ಕರಿನ ತಳಕ್ಕೆ ಎರಡು ಲೋಟ ಬಿಸಿನೀರು, ಅದರ ಮೇಲೆ ಸ್ಟ್ಯಾಂಡು. ಕೆಳಗಿನ ಡಬ್ಬಿಯಲ್ಲಿ ಬೇಳೆ, ಚಿಟಿಕೆ ಅರಿಶಿನ, ಬೇಳೆ ಮುಳುಗಿ ಮೇಲೆ ಒಂದು ಬೆರಳಿನಷ್ಟು ನಿಲ್ಲುವ ಬಿಸಿನೀರು. ಮೇಲಿನ ಡಬ್ಬಿಯಲ್ಲಿ ಅಕ್ಕಿ ಮತ್ತು ನೀರು. ತರಕಾರಿ ಬೇಕಾದರೆ ದೊಡ್ಡ ಹೋಳುಗಳನ್ನು ನೀರಿಲ್ಲದೆ ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ. 8 ನಿಮಿಷ ಒತ್ತಿ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕತೆ ಹೇಳಬಹುದು, ಕಾಯಿ–ಹುಳಿಪುಡಿ ರುಬ್ಬಿಕೊಳ್ಳಬಹುದು. ತುಂಬಲು ಹತ್ತು ನಿಮಿಷ, ಬೇಯಲು ಎಂಟು, ಇಳಿಯಲು ಹತ್ತು. ಇಳಿದ ಮೇಲೆ ಬೇಳೆಗೆ ಹುಣಸೆರಸ, ರುಬ್ಬಿದ್ದು, ಉಪ್ಪು ಸೇರಿಸಿ ಒಂದು ಕುದಿ, ಇಂಗು–ಸಾಸಿವೆಯ ಒಗ್ಗರಣೆ. ಒಟ್ಟು ಮುಕ್ಕಾಲು ಗಂಟೆಯೊಳಗೆ ಊಟ. ಅದರಲ್ಲಿ ಒಲೆಯ ಮುಂದೆ ನಿಲ್ಲಬೇಕಾದದ್ದು ಹದಿನೈದು ನಿಮಿಷವೂ ಇಲ್ಲ.

ನೀರಿನ ಅಳತೆ ಮಾತ್ರ ಬದಲಾಗಬೇಕು. ಇಲ್ಲಿ ಆವಿ ಚೆಲ್ಲಿಹೋಗುವುದಿಲ್ಲವಾದ್ದರಿಂದ ಒಲೆಗೆ ಹಾಕುತ್ತಿದ್ದಷ್ಟು ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ. ತರಕಾರಿಗೂ ಎಚ್ಚರ ಬೇಕು. ಸುಮಾರು ಮೂರು ಪಟ್ಟು ವೇಗದಲ್ಲಿ ಬೇಯುವ ಕಡೆ ಒಂದು ನಿಮಿಷ ಹೆಚ್ಚಾದರೆ ತೆರೆದ ಪಾತ್ರೆಯ ಮೂರು ನಿಮಿಷ ಹೆಚ್ಚಾದಂತೆ. ಬದನೆಕಾಯಿ, ಕುಂಬಳಕಾಯಿ ಕರಗಿಯೇ ಹೋಗುತ್ತವೆ.

ಮುಚ್ಚಳದ ಮೇಲಿನ ಮೂರು ಕ್ವಿಂಟಾಲ್

ಅವಸರದಲ್ಲಿ ಆವಿಯನ್ನು ಕೈಯಾರೆ ಬಿಟ್ಟು ಮುಚ್ಚಳ ತೆಗೆಯುವ ಆಸೆಯಾಗುತ್ತದೆ. ಒಳಗೆ ಏನಿದೆ ಎಂದು ತಿಳಿದಿರಬೇಕು. ಪಾತ್ರೆಯ ಬಾಯಿ 22 ಸೆಂಟಿಮೀಟರ್ ಅಗಲವಿದ್ದರೆ ಮುಚ್ಚಳದ ವಿಸ್ತೀರ್ಣ ಸುಮಾರು 380 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋದಂತೆ ಒಟ್ಟು 285 ಕಿಲೋ, ಮೂರು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ, ಕೆಳಗಿನಿಂದ ಒದೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮುಚ್ಚಳ ತಿರುಗದಂತೆ ತಡೆಯುವುದು ಆವಿಯ ಒತ್ತಡಕ್ಕೆ ಮೇಲೆದ್ದು ನಿಲ್ಲುವ ಒಂದು ಸಣ್ಣ ಲೋಹದ ಕಡ್ಡಿ. ಅದನ್ನು ತೇಲುಕೀಲಿ ಎನ್ನಬಹುದು. ಅದು ಕೆಳಗೆ ಬೀಳುವ ತನಕ ಮುಚ್ಚಳವನ್ನು ಬಲವಂತವಾಗಿ ತಿರುಗಿಸಲೇಬಾರದು.

ಇನ್ನೊಂದು ವಿಷಯ. ಒಳಗಿನ ಸಾರು 115 ಡಿಗ್ರಿಯಲ್ಲಿದೆ. ಒಮ್ಮೆಲೇ ಆವಿ ಬಿಟ್ಟರೆ ಕೋಡಿ ಧಡಕ್ಕನೆ 100ಕ್ಕೆ ಇಳಿಯುತ್ತದೆ, ಹೆಚ್ಚಿನ 15 ಡಿಗ್ರಿಯ ಶಾಖವೆಲ್ಲ ಆವಿಯಾಗಿ ನುಗ್ಗುತ್ತದೆ. ಎರಡು ಕಿಲೋ ಸಾರಿನಲ್ಲಿ ಸುಮಾರು 55 ಗ್ರಾಂ ನೀರು ಆವಿಯಾದೀತು. ಕೇಳಲು ಅಷ್ಟೇನಲ್ಲ, ಆದರೆ ಆವಿಯಾಗಿ ಅದು ಸುಮಾರು 90 ಲೀಟರ್. ಬೇಳೆಯ ನೊರೆಯನ್ನೂ ಹೊತ್ತುಕೊಂಡು ಆ ಆವಿ ಕಿಂಡಿಯಿಂದ ಚಿಮ್ಮುತ್ತದೆ, ಕಿಂಡಿ ಕಟ್ಟಿಕೊಳ್ಳಲೂಬಹುದು. ಬೇಳೆಕಾಳಿಗೆ, ಅನ್ನಕ್ಕೆ ಒತ್ತಡ ತಾನಾಗಿ ಇಳಿಯಲಿ. ಆ ಹತ್ತು ನಿಮಿಷವೂ ಬೇಯುವ ಹೊತ್ತೇ, ವ್ಯರ್ಥವಲ್ಲ. ಕಾಳು ಬೇಯಿಸುವಾಗ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಗ್ಯಾಸ್ಕೆಟ್ಟು, ಆವಿಯ ಕಿಂಡಿ ಎರಡನ್ನೂ ತೊಳೆದಿಡಿ.

ಕುಕ್ಕರಿಗೆ ಆಗದ ಕೆಲಸ

ನೀರಿರುವ ತನಕ ಕುಕ್ಕರಿನ ಬಿಸಿ 120 ಡಿಗ್ರಿ ದಾಟುವುದಿಲ್ಲ. ಈರುಳ್ಳಿ ಕೆಂಪಗಾಗಲು, ಮಸಾಲೆಯ ಘಮ ಏಳಲು ಬೇಕಾದದ್ದು 140 ಡಿಗ್ರಿಯ ಆಸುಪಾಸಿನ ಒಣ ಬಿಸಿ. ಆದ್ದರಿಂದ ಒಗ್ಗರಣೆ ಯಾವತ್ತೂ ಎಣ್ಣೆಯ ಕೆಲಸ. ಕರೆಂಟಿನ ಕುಕ್ಕರಿನಲ್ಲಿ ಮುಚ್ಚಳ ತೆರೆದಿಟ್ಟು ಹುರಿಯುವ ಗುಂಡಿ ಇರುವುದು ಅದಕ್ಕೇ. ಹುರಿದ ಮೇಲೆ ಸ್ವಲ್ಪ ನೀರು ಹಾಕಿ ತಳಕ್ಕೆ ಹತ್ತಿದ್ದನ್ನು ಸೌಟಿನಿಂದ ಕೆರೆದು ಬಿಡಿಸಿ. ಬಿಸಿಬೇಳೆಬಾತಿನಂಥ ಮಂದ ಅಡುಗೆಯಲ್ಲಿ ತಳಕ್ಕೆ ಕೂತ ಮಸಾಲೆಯ ಕೆಳಗೆ ನೀರು ಹರಿದಾಡುವುದಿಲ್ಲ, ತಳ ಮಿತಿಮೀರಿ ಕಾಯುತ್ತದೆ, ಕುಕ್ಕರ್ ಸೀಯುವ ಸೂಚನೆ ಕೊಟ್ಟು ನಿಂತುಬಿಡುತ್ತದೆ.

ರಾಜ್ಮಾ ಬೇಯಿಸುವವರಿಗೆ ಒಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ವಾಂತಿಭೇದಿ ತರುವ ವಿಷಕಾರಿ ಅಂಶವೊಂದಿದೆ. ಕುದಿಯುವ ಬಿಸಿಯಲ್ಲಿ ಅದು ನಾಶವಾಗುತ್ತದೆ, ಕುದಿಗಿಂತ ಕಡಿಮೆ ಬಿಸಿಯಲ್ಲಿ ಉಳಿದುಬಿಡಬಹುದು. ಈ ಕುಕ್ಕರುಗಳಲ್ಲಿ ಒತ್ತಡವಿಲ್ಲದೆ ನಿಧಾನವಾಗಿ ಬೇಯಿಸುವ 'ಸ್ಲೋ ಕುಕ್' ಗುಂಡಿಯೂ ಇರುತ್ತದೆ. ನೆನೆದ ರಾಜ್ಮಾವನ್ನು ನೇರವಾಗಿ ಅದರಲ್ಲಿ ಇಡಬೇಡಿ, ಒತ್ತಡದಲ್ಲೇ ಬೇಯಿಸಿ.

ನಾಲ್ಕು ಕೂಗಿಗೆ ಎಷ್ಟು ನಿಮಿಷ?

ಕೂಗನ್ನು ನಿಮಿಷಕ್ಕೆ ಬದಲಿಸುವ ಸೂತ್ರ ಇಲ್ಲ, ಇರಲೂ ಸಾಧ್ಯವಿಲ್ಲ. ಕೂಗು ಚೆಲ್ಲಿಹೋದ ಶಾಖದ ಲೆಕ್ಕ, ಬೇಯುವುದು ಬಿಸಿ ನಿಂತ ಹೊತ್ತಿನ ಲೆಕ್ಕ. ಹಾಗಾಗಿ ಅಕ್ಕನ ಮಗಳಿಗೆ ನಾನು ಕೊಟ್ಟ ಉತ್ತರ: ನೆನೆದ ತೊಗರಿಬೇಳೆಗೆ ಎಂಟು ನಿಮಿಷ, ತಾನಾಗಿ ಇಳಿಯಲು ಹತ್ತು. ನೆನೆಹಾಕುವುದು ಮರೆತರೆ ಇನ್ನೆರಡು ನಿಮಿಷ ಹೆಚ್ಚು.

ಗ್ಯಾಸ್ ಒಲೆಯ ಕುಕ್ಕರ್ ಬಳಸುವವರಿಗೂ ಈ ಲೆಕ್ಕ ಬೇಕು. ಮೊದಲ ಕೂಗು ಬಂದೊಡನೆ ಉರಿ ಸಣ್ಣದು ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಐದಾರು ನಿಮಿಷಕ್ಕೆ ಒಲೆ ಆರಿಸಿ, ಮುಚ್ಚಳ ತಾನಾಗಿ ಸಡಿಲವಾಗುವ ತನಕ ಬಿಡಿ. ಬೇಳೆ ಅಷ್ಟೇ ಚೆನ್ನಾಗಿ ಬೆಂದಿರುತ್ತದೆ, ಆಮೇಲಿನ ಪ್ರತಿ ಕೂಗಿಗೂ ಸುಡುತ್ತಿದ್ದ ಗ್ಯಾಸು ಸಿಲಿಂಡರಿನಲ್ಲೇ ಉಳಿದಿರುತ್ತದೆ.